ಬೊಳಂಜೀರ್ ನಕ್ಷತ್ರದ ಏಳು ಇಳಿತಗಳು

ಕುದ್ರೋಳಿ, ಮಂಗಳೂರು
೧೮ ನವೆಂಬರ್ ೨೦೨೫

ವಿಜೇತಾ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದು ನಿನಗೆ ಕಾಣುತ್ತಿರಬಹುದು. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ಆದರೆ ಇದು ನಾಲ್ಕನೆಯದು, ಇನ್ನು ಹಾಳು ಮಾಡಲಾರೆ. ನನ್ನ ಫೋನನ್ನು ನೀನು ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ. ಅದಕ್ಕೇ ಅಂಚೆ. ಹರಿದು ಹಾಕುವುದಾದರೂ ಓದಿದ ಮೇಲೆ ಹರಿ ಮಾರಾಯ್ತಿ.

ಮೊನ್ನೆ ಶನಿವಾರ ಪಂಪ್‌ವೆಲ್‌ನಲ್ಲಿ ನಿನ್ನ ಅಮ್ಮ ಸಿಕ್ಕಿದರು. ಫ್ಲೈಓವರಿನ ಕಂಬದ ಹಿಂದೆ ಅಡಗೋಣ ಎಂದುಕೊಂಡೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಅಕ್ಕುವಕ್ಕನ ಕಣ್ಣು ಗೊತ್ತಲ್ಲ ನಿನಗೆ, ಅಷ್ಟು ಜನರ ನಡುವೆ ನನ್ನ ಹೆಸರು ಹಿಡಿದು ಕೂಗಿದರು. ಮೊದಲಿನ ಹಾಗೆಯೇ ಕೈ ಹಿಡಿದುಕೊಂಡರು. ನೀನು ಪಣಂಬೂರಿನಲ್ಲಿ ಹಡಗು ಏಜೆಂಟರೊಬ್ಬರ ಆಫೀಸಿಗೆ ಹೋಗುತ್ತೀ, ಯಾವ ಹಡಗು ಯಾವಾಗ ಬಂತು ಎಂದು ಬರೆಯುತ್ತೀ, ನಮ್ಮ ಸಂಶೋಧನೆಯ ಕಾಗದಗಳನ್ನೆಲ್ಲ ಬಲೆಯ ಹಗ್ಗದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದೀ ಎಂದರು. ಆಮೇಲೆ ಮೆಲ್ಲನೆ, “ಒಂದೇ ಸಮಾಧಾನ ಮಗಳೇ, ಅವಳ ಅಪ್ಪ ಆ ಗ್ರಹ ಉಂಟೂಂತ ನಂಬಿಕೊಂಡೇ ಹೋದ್ರು. ಇವಳು ಅದೊಂದನ್ನೇ ಹಿಡ್ಕೊಂಡು ಇರುವುದು” ಎಂದರು. ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಆ ದಿನದಿಂದ ನನಗೆ ಊಟ ಸೇರುತ್ತಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಸಹಿಸಿಕೋ. ನಾನು ಎಲ್ಲಿ ಜಾರಿದೆ ಎಂದು ತೋರಿಸಬೇಕಾದರೆ ಮೊದಲಿನಿಂದ ಬರಬೇಕು. ಇದನ್ನೇ ನಮ್ಮ ಗೈಡ್ ಕಾರ್ಮಿನ್ ಮೇಡಂಗೂ ಬರೆದು ಕೊಡುತ್ತಿದ್ದೇನೆ.

ಅವರು ನಮ್ಮಿಬ್ಬರಿಗೆ ಕೊಟ್ಟದ್ದು ಇನ್ನೂರು ಕೆಂಪು ಕುಬ್ಜ ನಕ್ಷತ್ರಗಳ ಪಟ್ಟಿ. ಎಲ್ಲವೂ ಭೂಮಿಗೆ ಹತ್ತಿರದವು, ಸೂರ್ಯನ ಎದುರು ಪುಟಾಣಿಗಳು, ಬರಿಗಣ್ಣಿಗೆ ಒಂದೂ ಕಾಣುವುದಿಲ್ಲ. ನಿನಗೆ ನೂರು, ನನಗೆ ನೂರು. ಗ್ರಹವೊಂದು ನಕ್ಷತ್ರದ ಮುಂದೆ ಹಾದು ಹೋದಾಗ ಬೆಳಕು ಸಾವಿರದಲ್ಲಿ ಎರಡು ಪಾಲು ಇಳಿಯುತ್ತದೆ, ಆ ಇಳಿತವನ್ನು ದೂರದರ್ಶಕದ ಅಂಕಿಗಳಲ್ಲಿ ಹುಡುಕಬೇಕು. ನಕ್ಷತ್ರಗಳ ಉದ್ದುದ್ದ ನಂಬರು ನೆನಪಿರುವುದಿಲ್ಲ ಎಂದು ನೀನು ಮೀನಿನ ಹೆಸರು ಇಟ್ಟೆ. ಬಂಗುಡೆ, ಅಂಜಲ್, ನಂಗ್. ಪಟ್ಟಿಯ ಅತಿ ಸಣ್ಣ ನಕ್ಷತ್ರಕ್ಕೆ ಪುಟ್ಟ ಮೀನು ಬೊಳಂಜೀರಿನ ಹೆಸರು. ಅದನ್ನು ಕೇಳಿ ನಿನ್ನ ಅಪ್ಪ, ಆಕಾಶದಲ್ಲಿಯೂ ಬೊಳಂಜೀರೇ ಸಿಕ್ಕಿತಾ ನಿನಗೆ ಎಂದು ನಕ್ಕಿದ್ದರು.

ಸಹಿಯ ನಿಯಮವೂ ನಿನ್ನ ಮನೆಯಿಂದಲೇ ಬಂದದ್ದು. ಅಪ್ಪ ಬಲೆಯ ತೂತು ಹೆಣೆದಾದ ಮೇಲೆ ಅದನ್ನು ಹಾಗೆಯೇ ದೋಣಿಗೆ ಹಾಕುತ್ತಿರಲಿಲ್ಲ. ಅಮ್ಮನ ಕೈಗೆ ಕೊಡುತ್ತಿದ್ದರು. ಅಮ್ಮ ಅಂಗಳದಲ್ಲಿ ಕುಳಿತು ಕಣ್ಣು ಕಣ್ಣಿಗೂ ಹೆಬ್ಬೆರಳು ಆಡಿಸಿ, ಸರಿ ಎಂದರೆ ಮಾತ್ರ ಬಲೆ ಕಡಲಿಗೆ. ಹೆಣೆದವರಿಗೆ ತಮ್ಮ ಕೈಯ ತಪ್ಪು ಕಾಣುವುದಿಲ್ಲ ಎಂದು ಅವರ ನಂಬಿಕೆ. ನಮ್ಮಲ್ಲಿಯೂ ಹಾಗೇ ಆಗಬೇಕು ಎಂದು ನೀನು ಹಟ ಹಿಡಿದೆ. ಒಬ್ಬಳು ಕಂಡ ಇಳಿತಗಳನ್ನು ಇನ್ನೊಬ್ಬಳು ಬಿಡಿಬಿಡಿಯಾಗಿ ಹರಡಿ ನೋಡಿ, ಸಹಿ ಹಾಕಿದ ಮೇಲೆಯೇ ಮೇಡಂ ಮೇಜಿಗೆ. ಮೇಡಂ ಕೂಡ ಒಪ್ಪಿದರು.

ಬೊಳಂಜೀರಿನಲ್ಲಿ ನಿನಗೆ ಗ್ರಹ ಸಿಕ್ಕಿದ ದಿನ ಕ್ಯಾಂಟೀನಿನಲ್ಲಿ ಫೈಲು ನನ್ನ ಮುಂದೆ ಇಟ್ಟೆ. ಭೂಮಿಯಷ್ಟೇ ಗಾತ್ರ, ಮೂರೂವರೆ ದಿನಕ್ಕೆ ಒಂದು ಸುತ್ತು. ನಾನು ಬನ್ಸ್ ತಿನ್ನುತ್ತ, ನೀನು ನೋಡಿದ ಮೇಲೆ ನನಗೆ ನೋಡಲಿಕ್ಕೆ ಎಂತ ಉಂಟು ಎಂದು ತಮಾಷೆ ಮಾಡಿ, ಫೈಲು ರೂಮಿಗೆ ಒಯ್ದೆ. ಮರುದಿನ ಸಹಿ ಹಾಕಿ ಕೊಟ್ಟೆ. ವಿಜೇತಾ, ನಾನು ಅದನ್ನು ತೆರೆದೇ ಇರಲಿಲ್ಲ. ನೀನು ಇಷ್ಟು ದಿನ, ಫರ್ಝಾನಾ ನೋಡಿಯೂ ಅವಳ ಕಣ್ಣಿಗೆ ತಪ್ಪಿತು ಎಂದುಕೊಂಡಿದ್ದೀ. ಇಲ್ಲ. ನನ್ನ ನೂರು ನಕ್ಷತ್ರಗಳನ್ನು ಎಂಟು ತಿಂಗಳು ಜಾಲಾಡಿ ನನಗೆ ಒಂದೂ ಸಿಕ್ಕಿರಲಿಲ್ಲ. ಹೊಟ್ಟೆಕಿಚ್ಚು. ನಿನ್ನ ಗ್ರಹದ ಮುಖ ನೋಡಲು ಮನಸ್ಸಾಗಲಿಲ್ಲ, ಅಷ್ಟೇ.

ತೆರೆದಿದ್ದರೆ ಐದು ನಿಮಿಷದ ಕೆಲಸ. ನೀನು ಏಳು ಇಳಿತಗಳನ್ನೂ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದಿದ್ದೆ. ಬಿಡಿಸಿ ನೋಡಿದರೆ ಒಂದು ಆಳ, ಮುಂದಿನದು ಸ್ವಲ್ಪ ಕಡಿಮೆ, ಮತ್ತೆ ಆಳ, ಮತ್ತೆ ಕಡಿಮೆ. ಒಂದೇ ಗ್ರಹ ಹಾದು ಹೋಗುವುದಾದರೆ ಎಲ್ಲವೂ ಒಂದೇ ಆಳ ಇರಬೇಕು. ಬೊಳಂಜೀರಿನ ಬೆನ್ನ ಹಿಂದೆ ತುಂಬ ದೂರದಲ್ಲಿ ಎರಡು ನಕ್ಷತ್ರಗಳು ಸರದಿಯಲ್ಲಿ ಒಂದನ್ನೊಂದು ಮರೆಮಾಡುತ್ತಿದ್ದವು. ಅವುಗಳ ಬೆಳಕು ನಮ್ಮ ನಕ್ಷತ್ರದ ಬೆಳಕಿನಲ್ಲಿ ಬೆರೆತು ಬಂದಿತ್ತು. ಗ್ರಹ ಇರಲೇ ಇಲ್ಲ.

ಅದೇ ವಾರ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದಿರಿ. ಗುರುವಾರ ಮಧ್ಯಾಹ್ನ ನಾನು ಬಂದದ್ದು ನೆನಪುಂಟಲ್ಲ? ಏಳು ಇಳಿತಗಳನ್ನು ಒಂದರ ಕೆಳಗೊಂದು ಅಚ್ಚು ಹಾಕಿಸಿ, ಅಪ್ಪನಿಗೆಂದೇ ತಂದಿಟ್ಟಿದ್ದೆ ನೀನು. ಅಲ್ಲಿ ವರ್ಷಕ್ಕೆ ಎಷ್ಟು ದಿನ ಎಂದು ಅವರು ಕೇಳಿದರು. ಮೂರೂವರೆ ಎಂದೆ ನೀನು. ಹಾಗಾದರೆ ನನಗೆ ಅಲ್ಲಿ ಎಷ್ಟು ಪ್ರಾಯ ಎಂದರು. ನೀನು ಫೋನಿನಲ್ಲಿ ಲೆಕ್ಕ ಹಾಕಿ ಆರು ಸಾವಿರದ ಎಂಟುನೂರು ದಾಟಿತು ಎಂದೆ. ಅವರು ನಕ್ಕು ಕೆಮ್ಮಿದ್ದಕ್ಕೆ ನರ್ಸ್ ರೇಚಲ್ ಬಂದು ನಮ್ಮಿಬ್ಬರಿಗೂ ಬೈದಳು. ಅಲ್ಲಿ ಕಡಲು ಉಂಟಾ ಎಂದೂ ಕೇಳಿದರು. ಆ ಜಾತಿಯ ನಕ್ಷತ್ರ ಆಗಾಗ ಬೆಂಕಿ ಕಾರುತ್ತದೆ, ಕಡಲು ಇದ್ದರೂ ಆರಿಹೋಗಿರಬಹುದು ಎಂದು ನೀನು ಹೇಳಿದಾಗ ಅವರ ಮುಖ ಸಣ್ಣದಾಯಿತು. ಶನಿವಾರ ಅವರು ಹೋದರು.

ಈಗ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಆ ಗುರುವಾರವೇ, ಆಸ್ಪತ್ರೆಯಲ್ಲಿಯೇ, ಗ್ರಹ ಇಲ್ಲ ಎಂದು ನನಗೆ ಗೊತ್ತಾಗಿತ್ತು. ಹೇಗೆ ಎಂದು ಈಗ ಕೇಳಬೇಡ. ಬೊಜ್ಜದ ದಿನ, ಉತ್ತರಕ್ರಿಯೆಯ ಊಟ ಮುಗಿದ ಮೇಲೆ ನಿನಗೆ ಹೇಳಬೇಕೆಂದೇ ಹೊಸಬೆಟ್ಟುವಿಗೆ ಬಂದಿದ್ದೆ. ನೀನು ಬಡಿಸಿದೆ, ತಿಂದು ಸುಮ್ಮನೆ ವಾಪಸು ಬಂದೆ. ಆಗ ನನ್ನ ಫೆಲೋಶಿಪ್ ಮುಂದುವರಿಸುವ ಸಂದರ್ಶನ ಎದುರಿಗಿತ್ತು. ಹೇಳಿದರೆ, ನೋಡದೆ ಸಹಿ ಹಾಕಿದವಳು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಇವತ್ತು ನಾಳೆ ಎನ್ನುತ್ತ ಮೂರು ತಿಂಗಳು ಕಳೆದೆ, ಅಷ್ಟರಲ್ಲಿ ನಿನ್ನ ಪ್ರಬಂಧ ಅಚ್ಚಾಗಿತ್ತು.

ಪುಣೆಯ ಸಮ್ಮೇಳನದಲ್ಲಿ ಬಿಳಿ ಗಡ್ಡದ ಆ ಮನುಷ್ಯ, ಇಳಿತಗಳನ್ನು ಬಿಡಿಸಿ ತೋರಿಸುತ್ತೀರಾ ಎಂದು ಎಷ್ಟು ಸಮಾಧಾನದಲ್ಲಿ ಕೇಳಿದರು! ನೀನು ವೇದಿಕೆಯ ಮೇಲೆ ಬಿಡಿಸಿದೆ. ಸಭೆಯಲ್ಲಿ ಯಾರೋ ಸಣ್ಣಗೆ ನಕ್ಕರು. ಇದನ್ನು ಇನ್ನೊಬ್ಬರು ಪರಿಶೀಲಿಸಲಿಲ್ಲವೇ ಎಂದು ಕೇಳಿದಾಗ ನೀನು ಮೂರನೆಯ ಸಾಲಿನಲ್ಲಿದ್ದ ನನ್ನನ್ನು ನೋಡಿದೆ. ನಾನು ಬ್ಯಾಗಿನ ಜಿಪ್ಪು ಎಳೆಯುತ್ತಿದ್ದೆ. ಅದು ಸರಿಯಾಗಿಯೇ ಇತ್ತು. ತಪ್ಪು ನನ್ನದೊಬ್ಬಳದೇ ಎಂದು ನೀನು ಮೈಕಿನಲ್ಲಿ ಹೇಳಿದೆ. ಪ್ರಬಂಧ ಹಿಂದೆಗೆದುಕೊಂಡ ಟಿಪ್ಪಣಿಯಲ್ಲಿ ಇವತ್ತಿಗೂ ನಿನ್ನ ಹೆಸರು ಮಾತ್ರ ಉಂಟು.

ಮುಂದಿನ ವಾರ ಬುಧವಾರ ನನ್ನ ಪಿಎಚ್‌ಡಿಯ ಮೌಖಿಕ ಪರೀಕ್ಷೆ. ಅದಕ್ಕೆ ಮೊದಲು, ನಾಳೆ ಬೆಳಿಗ್ಗೆಯೇ, ಮೇಡಂ ಕೈಗೆ ಪತ್ರ ಕೊಡುತ್ತೇನೆ. ಅದರ ಪ್ರತಿ ಇದರೊಳಗೆ ಉಂಟು. ಪರೀಕ್ಷೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ದುಬೈಯಿಂದ ಇಮ್ತಿಯಾಝ್ ಫೋನು ಮಾಡಿ, ನಿನಗೆ ಹುಚ್ಚು, ಡಿಗ್ರಿ ಸಿಕ್ಕಿದ ಮೇಲೆ ಹೇಳು ಎಂದ. ಅಣ್ಣನಿಗೂ ನನ್ನದೇ ಬುದ್ಧಿ. ಭಯ ಆಗುತ್ತಿದೆ ವಿಜೇತಾ. ಕ್ಷಮಿಸು ಎಂದು ಕೇಳುವುದಿಲ್ಲ. ಟಿಪ್ಪಣಿ ತಿದ್ದಿದ ಮೇಲೆ ಅಟ್ಟದ ಆ ಕಟ್ಟನ್ನು ಒಮ್ಮೆ ಬಿಚ್ಚು. ನಿನ್ನ ಪಾಲಿನಲ್ಲಿ ಇನ್ನೂ ನಲವತ್ತು ನಕ್ಷತ್ರಗಳನ್ನು ಯಾರೂ ಮುಟ್ಟಿಲ್ಲ.

ನೋಡದೆ ಸಹಿ ಹಾಕಿದವಳು,
ಫರ್ಝಾನಾ

ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು: ಇದನ್ನು ಬರೆಯದೆಯೇ ಲಕೋಟೆ ಅಂಟಿಸೋಣ ಎಂದಿದ್ದೆ. ಅಮ್ಮ ಹೇಳಿದ ಆ ಒಂದು ಸಮಾಧಾನ ನಿನ್ನ ಹತ್ತಿರ ಇರಲಿ ಎಂದು. ಆದರೆ ಅದು ಸುಳ್ಳು, ನನ್ನಿಂದ ಇನ್ನೊಂದು ಸುಳ್ಳು ನಿನಗೆ ಬೇಡ.

ಆ ಗುರುವಾರ ನಾನು ಬಂದಾಗ ನೀನು ಕೆಳಗೆ ಔಷಧಿ ತರಲು ಹೋಗಿದ್ದೆ. ಅಪ್ಪನ ಕೈಯಲ್ಲಿ ಆ ಹಾಳೆ ಇತ್ತು. ಬಲೆಯ ಮೇಲೆ ಆಡಿಸುವ ಹಾಗೆ ಹೆಬ್ಬೆರಳು ಆಡಿಸುತ್ತ ಮೇಲಿನಿಂದ ಕೆಳಗೆ ಬಂದು, ಮತ್ತೆ ಮೇಲಕ್ಕೆ ಹೋದರು. “ಒಂದು ಬಿಟ್ಟು ಒಂದು ಸಣ್ಣದು ಉಂಟಲ್ಲ ಮಗಳೇ, ಎಂತ ಅದು?” ಎಂದರು. ನಾನು ಆ ಇಳಿತಗಳನ್ನು ನೋಡಿದ್ದು ಅದೇ ಮೊದಲು; ಹೆಣೆದ ನಿನಗೆ ಅಚ್ಚು ಹಾಕಿಸುವಾಗಲೂ ಅದು ಕಂಡಿರಲಿಲ್ಲ. ನನ್ನ ಮುಖದಲ್ಲಿಯೇ ಅವರಿಗೆ ಉತ್ತರ ಸಿಕ್ಕಿತು. “ತೂತು ಉಂಟು, ಅಲ್ವಾ?” ಎಂದರು. ಹೌದೆಂದೆ. ಹಾಳೆ ಮಡಚಿ ದಿಂಬಿನ ಕೆಳಗೆ ಇಟ್ಟರು. “ಈಗ ಅವಳಿಗೆ ಹೇಳ್ಬೇಡ. ಖುಷಿಯಲ್ಲಿ ಉಂಟು. ನನ್ನ ಬೊಜ್ಜ ಆದ ಮೇಲೆ ಹೇಳು. ಮರೀಬೇಡ, ಆಯ್ತಾ” ಎಂದರು.

ಆಮೇಲೆ ನೀನು ಔಷಧಿ ಹಿಡಿದುಕೊಂಡು ಬಂದೆ. ಅಲ್ಲಿ ವರ್ಷಕ್ಕೆ ಎಷ್ಟು ದಿನ ಎಂದು ಅವರು ಕೇಳಿದ್ದು ಆಗ.