ಇಟಲಿ ಅಜ್ಜಿ ಹೇಳಿಕೊಟ್ಟ ಕಾಯೋ ಮಾತು

ಸ್ನೊಕ್ವಾಲ್ಮಿ, ಅಮೆರಿಕ, ಶುಕ್ರವಾರ

ಅಕ್ಕಾ, ದೇವರಿಗೆ ದೀಪ ಹಚ್ಚಿ ಬಂದು ಈ ಕಾರ್ಡು ಬರೀತಿದೀನಿ. ಡಾಕ್ಟರು ಹೇಳಿದ ದಿನ ಕಳೆದರೂ ನನ್ನ ಮಗಳು ಮೈತ್ರಿಗೆ ಇನ್ನೂ ಹೆರಿಗೆ ನೋವು ಬಂದಿಲ್ಲ. ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ.

ಪಕ್ಕದ ಮನೆ ಇಟಲಿ ಅಜ್ಜಿ ರೊಸಾನ್ನಾ ಕೂಸಿಗೆ ಅಂತ ಉಣ್ಣೆ ಟೋಪಿ ಹೆಣೆದು ತಂದ್ರು. ಹುಟ್ಟೋಕೆ ಮುಂಚೆ ಕೂಸಿನ ಬಟ್ಟೆ ಒಳಗೆ ಬೇಡ ಅಂತ ಹೊಸಿಲಲ್ಲೇ ತಡೆದೆ. ಪಾಪ, ಮುಖ ಸಣ್ಣಗಾಯ್ತು. ಮೈತ್ರಿ ನಮ್ಮ ಪದ್ಧತಿ ವಿವರಿಸಿದ ಮೇಲೆ ನಕ್ಕು, "ಹಾಗಾದ್ರೆ ಅಸ್ಪೆತ್ತಿಯಾಮೊ" ಅಂದ್ರು. ಕಾಯೋಣ ಅಂತ ಅರ್ಥ. ನಾನು ಕಾಯ್ತೀನಿ ಅಂದ್ರೆ ಅಸ್ಪೆತ್ತೊ, ನೀನಾದ್ರೆ ಅಸ್ಪೆತ್ತಿ, ಅವಳಾದ್ರೆ ಅಸ್ಪೆತ್ತ. ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದ್ರು. ಬಸುರಿ ಕೂಸಿಗೆ ಕಾಯೋದಕ್ಕೂ ಅದೇ ಮಾತಂತೆ. ಹಳೇ ಲ್ಯಾಟಿನ್‌ನಲ್ಲಿ ಅದು ಒಂದು ಕಡೆಗೇ ನೋಡ್ತಿರೋದಂತೆ. ನಾವು ದಾರಿ ನೋಡೋದು ಅನ್ನಲ್ವೆ, ಹಂಗೆ. ಈಗ ಪಾತ್ರೆ ಉಜ್ಜುವಾಗಲೂ ದೇವರ ನಾಮದ ಮಧ್ಯೆ ಅದೇ ಬಾಯಿಗೆ ಬರುತ್ತೆ.

ನನ್ನ ಮಂಡಿನೋವು ಪರವಾಗಿಲ್ಲ, ನೀನು ಕೊಟ್ಟ ಎಣ್ಣೆ ಮಾತ್ರ ಮುಗೀತು.

ಅಯ್ಯೋ ಅಕ್ಕ, ಮೈತ್ರಿ ಕೂಗಿದಳು, ನೋವು ಶುರುವಾಯ್ತು! ಅಳಿಯಂದಿರು ಕಾರು ತೆಗೆದ್ರು. ಅಜ್ಜಿ ಅವರ ಬಾಗಿಲಲ್ಲೇ ನಿಂತಿದಾರೆ, ಕಾರ್ಡು ಅವರ ಕೈಗೇ ಕೊಡ್ತೀನಿ, ಅಂಚೆ ಡಬ್ಬಕ್ಕೆ ಹಾಕ್ತಾರೆ. ಕೂಸು ಹುಟ್ಟಿದ ಮೇಲೆ ಟೋಪಿ ಹಿಡ್ಕೊಂಡು ಆಸ್ಪತ್ರೆಗೆ ಬನ್ನಿ ಅಂತ ಕೈಸನ್ನೆ ಮಾಡ್ತೀನಿ.

ನಿನ್ನ ತಂಗಿ ನಾಗವೇಣಿ