ಅತ್ತೆ ಕೊಂಡು ತಂದ ಕೋಟು

ಮೆಲ್ಬೋರ್ನ್
೧೪ ಜೂನ್ ೨೦೨೫

ಯೋಗೀಶ್,

ಫೋನ್ ಮಾಡಿದರೆ ಎರಡನೇ ಮಾತಿಗೇ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೀವು ನಮ್ಮನ್ನು ಬಿಟ್ಟು ಸಿಡ್ನಿಗೆ ಹೋದಾಗ ನಿಮ್ಮ ಅಮ್ಮ ಸೊಸೆಯ ಜೊತೆಗೇ ಇರುತ್ತೇನೆ ಅಂದರು. ಅವರ ವಿಷಯ ನಿಮಗೆ ತಿಳಿಸದೆ ಇರಲಾರೆ.

ಸ್ಟೇಷನ್ ಎದುರಿನ ರಸ್ತೆ ನೀವು ನೋಡಿದ ಹಾಗಿಲ್ಲ. ಬ್ಯಾಂಕ್ ಮುಚ್ಚಿತು, ಚಪ್ಪಲಿ ಅಂಗಡಿ ಮುಚ್ಚಿತು, ಭಾನುವಾರ ನೀವು ಬ್ರೆಡ್ ತರುತ್ತಿದ್ದ ಬೇಕರಿಯೂ ಹೋಯಿತು. ರೆಂಟ್ ಕಟ್ಟಲಾಗದೆ ಅಂಗಡಿಯವರು ಬಿಟ್ಟುಹೋದ ಕಡೆಯೆಲ್ಲ ಆಪ್ ಶಾಪ್‌ಗಳು ಬಂದು ಕೂತಿವೆ. ಎಲ್ಲಿ ನೋಡಿದರೂ ಜನ ದಾನ ಕೊಟ್ಟ ಹಳೆಯ ಬಟ್ಟೆ, ಪಾತ್ರೆ ಮಾರುವ ಅಂಗಡಿಗಳೇ. ಅತ್ತೆಗೆ ಅವೇ ಪ್ರಪಂಚವಾಗಿತ್ತು. ಪುಟ್ಟಮ್ಮ ಅನ್ನಲು ಬಾರದೆ ಅಲ್ಲಿನ ಹಿರಿಯ ಹೆಂಗಸರು "ಪುಟ್ಟಾ" ಎಂದು ಕರೆದು ಕುರ್ಚಿ ಹಾಕುತ್ತಾರೆ. ಒಂದು ಕಡೆ ಏನಾದರೂ ಕೊಟ್ಟು, ಇನ್ನೊಂದು ಕಡೆ ಒಂದು ಬಟ್ಟಲು ಕೊಂಡು ಬರುತ್ತಿದ್ದರು. ಹೊತ್ತು ಹೋಗಲಿ ಎಂದು ನಾನೂ ಸುಮ್ಮನಿದ್ದೆ.

ಹೋದ ಗುರುವಾರ ನಾನು ಆಫೀಸಿನಿಂದ ಬಂದಾಗ ಅತ್ತೆ ಬರೀ ಸೀರೆಯಲ್ಲಿ ನಡುಗುತ್ತಾ ಕೂತಿದ್ದರು. ಇಲ್ಲಿಗೆ ಬಂದಾಗಿನಿಂದ ಚಳಿಗೆ ಸೀರೆಯ ಮೇಲೆ ತೊಡುತ್ತಿದ್ದ ಮಾವನವರ ಉಣ್ಣೆ ಕೋಟು ಬಾಗಿಲ ಹಿಂದೆ ಇರಲಿಲ್ಲ. ಕೇಳಿದರೆ, "ಯಾವ ಕೋಟಮ್ಮಾ?" ಅಂದರು.

ಮರುದಿನ ರಜೆ ಹಾಕಿ ಒಂದೊಂದೇ ಅಂಗಡಿಯಲ್ಲಿ ವಿಚಾರಿಸಿದೆ. ಬೇಕರಿ ಇದ್ದ ಜಾಗದ ಅಂಗಡಿಯಲ್ಲಿ ಜೋನ್ ಎಂಬ ವಯಸ್ಸಾದಾಕೆ, ಹೌದು, ನಿನ್ನೆ ಕೊಟ್ಟುಹೋದರು ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ಈಗ ತಾನೇ ಬಂದು ಅವರೇ ಅದನ್ನು ಕೊಂಡುಕೊಂಡು ಹೋದರು ಎಂದರು.

ನಾನು ಮನೆಗೆ ಬಂದಾಗ ಅತ್ತೆ ಕೋಟು ತೊಟ್ಟು ಕನ್ನಡಿ ಮುಂದೆ ನಿಂತಿದ್ದರು.

"ನೇತ್ರಾ, ನೋಡಿಲ್ಲಿ. ನಮ್ಮ ಯಜಮಾನ್ರದ್ದೂ ಥೇಟ್ ಹಿಂಗೇ ಇತ್ತು" ಅಂದರು. ಕಾಲರ್ ಮೂಸಿದರು. "ಪಾಪ, ಯಾರದ್ದೋ ಏನೋ. ಅವರ ಮನೇವ್ರಿಗೆ ಇದನ್ನ ಕೊಡಕ್ಕೆ ಹೆಂಗೆ ಮನಸ್ಸು ಬಂತೋ."

ನಿಮಗೆ ಚೆನ್ನಾಗಿ ಒಪ್ಪುತ್ತೆ, ಹಾಕ್ಕೊಳ್ಳಿ ಅಂದೆ.

ಡಾಕ್ಟರಿಗೆ ತೋರಿಸಿದ್ದೇನೆ. ಮರೆವಿನ ಕಾಯಿಲೆಯೇ, ಹೆಚ್ಚುತ್ತಾ ಹೋಗುತ್ತದಂತೆ. ಅವರನ್ನು ನಾನು ನೋಡಿಕೊಳ್ಳುತ್ತೇನೆ, ಅದಕ್ಕಾಗಿ ನಿಮ್ಮನ್ನು ಕರೆಯುತ್ತಿಲ್ಲ. ನಿಮ್ಮ ಗುರುತು ಅವರಿಗೆ ಇನ್ನೂ ಇದೆ. ಇರುವಾಗಲೇ ಬಂದು ಹೋಗಿ. ಮುಂದಿನ ರೂಮ್ ಖಾಲಿ ಇದೆ. ನನ್ನ ಜೊತೆ ಮಾತಾಡಲೇಬೇಕು ಅಂತೇನಿಲ್ಲ.

ಇಂತಿ,
ನೇತ್ರಾ

ತಾ.ಕ.: ನಾವು ಬೇರೆಯಾದದ್ದನ್ನೂ ಅತ್ತೆ ಮರೆತಿದ್ದಾರೆ. ದಿನಾ ಸಂಜೆ ನೀವೆಲ್ಲಿ ಎಂದು ಕೇಳುತ್ತಾರೆ. ಆಫೀಸಿನಲ್ಲಿ ಲೇಟಾಗಿದೆ, ಬರುತ್ತಾರೆ ಎನ್ನುತ್ತೇನೆ. ಹೇಳಿ ಹೇಳಿ, ಈಗೀಗ ಗೇಟು ಸದ್ದಾದರೆ ನಾನೂ ಎದ್ದು ನೋಡುತ್ತೇನೆ.