ಹುಡುಗಿ ಚೆಂದ, ತವರು ಸರಿಯಿಲ್ಲ

ರಾಜಾಜಿನಗರ, ಬೆಂಗಳೂರು
೧೮ ನವೆಂಬರ್ ೧೯೫೬, ಭಾನುವಾರ

ಚಿರಂಜೀವಿ ಪದ್ಮನಾಭನಿಗೆ ನಿನ್ನ ಅಕ್ಕ ಅನಂತಲಕ್ಷ್ಮಿ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ, ಬರೆದಿದ್ದೇನೆ. ನಿಜವಾಗಿ ಹೇಗಿದ್ದೇವೆ ಎನ್ನುವುದನ್ನು ಪೂರ್ತಿ ಓದಿ ನೀನೇ ತಿಳಿದುಕೋ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ದೀಪಾವಳಿಗೆ ನೀನು ಬರಲಿಲ್ಲವೆಂಬ ಸಿಟ್ಟಿಗೆ ಮೊದಲು ಬರೆಯಲಿಲ್ಲ. ಆಮೇಲೆ ಬರೆಯೋಣವೆಂದರೆ ನನಗೆ ಮುಖವಿರಲಿಲ್ಲ. ಗೌರಿಹಬ್ಬಕ್ಕೆ ನೀನು ಕಳಿಸಿದ ಬಾಗಿನದ ಹಣದಲ್ಲಿ ಹಸಿರು ಸೀರೆ ತೆಗೆದುಕೊಂಡೆ. ಅದನ್ನೇ ಉಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಪ್ಪ ಅಮ್ಮ ಹೋದ ಮೇಲೂ ನೀನು ಒಂದು ಗೌರಿಗೂ ಬಾಗಿನ ತಪ್ಪಿಸಿಲ್ಲ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ನಿನ್ನ ಭಾವನ ಆಫೀಸಿನ ಸೇತುರಾಮಯ್ಯನವರು ಕೆಲಸದ ಮೇಲೆ ನಾಳೆ ರಾತ್ರಿಯ ರೈಲಿಗೆ ನಿಮ್ಮ ಕಡೆಗೇ ಹೊರಟಿದ್ದಾರೆ. ಕೋಡುಬಳೆ ಡಬ್ಬಿಯ ತಳದಲ್ಲಿಟ್ಟು ಅವರ ಕೈಯಲ್ಲಿ ಕೊಡುತ್ತೇನೆ. ಕೋಡುಬಳೆ ಸ್ನೇಹಿತರಿಗೆ ಹಂಚು, ಕಾಗದ ಮಾತ್ರ ಯಾರಿಗೂ ತೋರಿಸಬೇಡ.

ನಮ್ಮ ಬೀದಿಯ ನಲ್ಲಿ ಇನ್ನೂ ಹಾಗೇ ಇದೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರಾಜ್ಯ ದೊಡ್ಡದಾಯಿತು ಎಂದು ಈ ತಿಂಗಳ ಮೊದಲಲ್ಲಿ ಎಲ್ಲರೂ ಸಿಹಿ ಹಂಚಿದರು, ನಲ್ಲಿ ಮಾತ್ರ ದೊಡ್ಡದಾಗಲಿಲ್ಲ. ಕಾಮಾಕ್ಷಿಪಾಳ್ಯದಿಂದ ಹಾಲು ತರುವ ಪಾಪಮ್ಮ ದಿನವೂ ನಿನ್ನನ್ನು ಕೇಳುತ್ತಾಳೆ. “ಆಕಾಸದಾಗೆ ಓಡಾಡೋ ತಮ್ಮಯ್ಯ ಯಾವಾಗ ಬತ್ತದೆ ಕಣವ್ವಾ?” ಎನ್ನುತ್ತಾಳೆ. ಹಾಲಿಗೆ ನೀರು ಬೆರೆಸಿದ ದಿನ ಇನ್ನೂ ಅಕ್ಕರೆಯಿಂದ ಕೇಳುತ್ತಾಳೆ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಮಾಗಡಿ ರಸ್ತೆಯ ವತ್ಸಲಾಳ ಸಂಬಂಧವನ್ನು ನಾನು ಕೆಡಿಸಿಟ್ಟಿದ್ದೆ. ಗಾಬರಿಯಾಗಬೇಡ, ಪೂರ್ತಿ ಕೆಟ್ಟಿಲ್ಲ. ಬೇಸಿಗೆ ರಜೆಯಲ್ಲಿ ಅವಳನ್ನು ನೋಡಿ ಕೈಯಲ್ಲಿದ್ದ ಉಪ್ಪಿಟ್ಟು ತಿನ್ನುವುದನ್ನೇ ಮರೆತವನು ನೀನು, ನಿನ್ನ ಮುಖ ನನಗೆ ಚೆನ್ನಾಗಿ ನೆನಪಿದೆ.

ಆದದ್ದು ಇಷ್ಟು. ಸಂಜೆ ಸೇತುರಾಮಯ್ಯನವರು ಬಂದರೆ ನಿನ್ನ ಭಾವ ಅವರ ಜೊತೆ ಜಗುಲಿಯ ಮೇಲೆ ಕೂರುತ್ತಾರೆ. ನಾನು ಕಾಫಿ ಕೊಟ್ಟು ಒಳಗೆ ಬರುತ್ತೇನೆ. ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟು ಬರುತ್ತೀ ಎಂದು ನೀನು ನಗುತ್ತೀ, ನಗು. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನಿನ್ನ ಭಾವ ಹೇಳುತ್ತಿದ್ದರು.

“ಹುಡುಗಿ ಚೆಂದ ಇದಾಳೆ, ಅದರಲ್ಲಿ ಎರಡು ಮಾತಿಲ್ಲ. ತವರು ಸರಿಯಿಲ್ಲ ಸೇತುರಾಮ್.”

“ಕೊಡೋವಾಗ ಎಷ್ಟು ನಯವಾಗಿ ಮಾತಾಡಿದ್ರು ಸಾರ್! ಈಗ ನೋಡಿ, ಬಾಗಿನಾನೇ ನಿಲ್ಲಿಸಿಬಿಟ್ರು.”

“ನಾಲ್ಕು ಜನರ ಮುಂದೆ ನಾವು ಅವರ ತಪ್ಪು ಎತ್ತಿ ಆಡಿದ್ವಲ್ಲ, ಅದಕ್ಕೆ ಮುನಿಸು.”

“ಆ ಇನ್ನೊಂದು ಸಂಬಂಧ ಏನಾಯ್ತು?”

“ಅವರದ್ದು ಧಾರಾಳ ಕೈ. ಆದ್ರೆ ಹುಡುಗಿ ಜೊತೆಗೆ ಅವಳ ಕಡೆಯವರೆಲ್ಲಾ ಬಂದು ನಮ್ಮನೇಲೇ ಕೂತ್ಕೋತಾರೆ. ಪಾತ್ರೆ ಮುಟ್ಟೋಕೂ ಅವರನ್ನ ಕೇಳ್ಬೇಕು. ಅದೆಲ್ಲಾ ಇರ್ಲಿ. ನಮ್ಮ ಪದ್ಮನಾಭ ಈಗಿರೋಳನ್ನೇ ನಂಬ್ಕೊಂಡಿದಾನಲ್ಲ, ಅದೇ ಸಂಕಟ.”

ನೀನೇ ಹೇಳು, ಇದನ್ನು ಕೇಳಿದ ಯಾವ ಅಕ್ಕ ಸುಮ್ಮನಿರುತ್ತಾಳೆ? ವತ್ಸಲಾಳ ಅಪ್ಪ ಇವರ ಆಫೀಸಿನಲ್ಲೇ ಲೆಕ್ಕದ ವಿಭಾಗದಲ್ಲಿರುವವರು. ಇವರಿಗೆ ಅವರ ಮನೆಯ ಗುಣ ಗೊತ್ತಾಗಿದೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಮದುವೆಯೇ ಆಗದ ಹುಡುಗಿಗೆ ಎಂಥ ಬಾಗಿನ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಮಾರನೇ ದಿನವೇ ಸೀರೆ ಬದಲಾಯಿಸಿ ಅವರ ಮನೆಗೆ ಹೋದೆ. ಕುಂಕುಮ ತೆಗೆದುಕೊಂಡವಳು ಸುಮ್ಮನೆ ಬರಬಾರದಿತ್ತೇ? “ನಾವು ಒಂದು ಮಾತು ಆಡಿದ್ರೆ ಗೌರಿಗೆ ಬಾಗಿನ ನಿಲ್ಲಿಸೋ ಜನ ನೀವು ಅಂತ ಗೊತ್ತಿರಲಿಲ್ಲ ವಿಮಲಮ್ಮ” ಎಂದುಬಿಟ್ಟೆ. ಜಗುಲಿಯಲ್ಲಿ ಕೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದೆ, ನಿನ್ನ ಹೆಸರೂ ಸೇರಿದಂತೆ.

ವತ್ಸಲಾಳ ತಾಯಿ ವಿಮಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವಳ ಅಪ್ಪ ಮೊದಲು ಕೆಂಪಾದರು, ಆಮೇಲೆ ಏನೋ ಹೊಳೆದವರಂತೆ ನಕ್ಕರು. “ನೀವು ಹೇಳ್ತಿರೋ ಹುಡುಗಿ ನಮ್ಮನೇಲಿಲ್ಲಮ್ಮ. ನಿಮ್ಮ ಯಜಮಾನ್ರನ್ನೇ ಕೇಳಿ” ಎಂದರು. ವತ್ಸಲಾ ಮಾತ್ರ ಬಸ್ಸಿನವರೆಗೂ ಬಂದು, ತಲೆ ತಗ್ಗಿಸಿಕೊಂಡು, “ಅಕ್ಕಾ, ಬಾಗಿನ ಬರಲಿ ಬಿಡಲಿ, ನಾನಂತೂ ಬರ್ತೀನಿ” ಎಂದಳು. ಆ ಮಾತಿಗೇ ನಾನು ಅವಳಿಗೆ ಸೋತೆ. ನಿನಗೆ ಅವಳೇ ಸರಿ.

ಮನೆಗೆ ಬಂದು ನಿನ್ನ ಭಾವನ ಮೇಲೆ ಹರಿಹಾಯ್ದೆ. ಅವರು ತಿರುಗಿ ಕೂಗಾಡಲಿಲ್ಲ. ಲೋಟ ಕೆಳಗಿಟ್ಟು ಬೀದಿಬಾಗಿಲು ಹಾಕಿಕೊಂಡು ಬಂದರು. “ಯಾರ ಮುಂದೆ ಹೇಳ್ದೆ? ಯಾರ್ ಯಾರಿದ್ರು?” ಎಂದು ಪಿಸುಮಾತಿನಲ್ಲಿ ಕೇಳಿದರು. ಮದುವೆಯಾದಾಗಿನಿಂದ ಅವರನ್ನು ಹಾಗೆ ನೋಡಿರಲಿಲ್ಲ ಕಣೋ, ನನಗೆ ಭಯವಾಯಿತು.

ಹುಡುಗಿ ಎಂದರೆ ವಿಮಾನವಂತೆ. ನೀನು ಹತ್ತುವ ವಿಮಾನ. ತವರು ಎಂದರೆ ಅದನ್ನು ಮಾರಿದ ದೇಶ. ಬಾಗಿನ ಎಂದರೆ ಅಲ್ಲಿಂದ ವರ್ಷ ವರ್ಷ ಬರಬೇಕಾದ ಬಿಡಿಭಾಗಗಳ ಪೆಟ್ಟಿಗೆಗಳು. ಆಫೀಸಿನ ಗುಟ್ಟನ್ನು ಜಗುಲಿಯಲ್ಲಿ ಆಡಬಾರದೆಂದು ಇಬ್ಬರೂ ಸೇರಿ ಮಾಡಿಕೊಂಡ ಭಾಷೆ. ಗುಟ್ಟು ಮಾಡಲು ಗಂಡಸರಿಗೆ ಬೇರೆ ಮಾತೇ ಸಿಗಲಿಲ್ಲವೇ? ಬೆಂಗಳೂರಿನ ಯಾವ ಹೆಂಗಸೂ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುವ ಮಾತುಗಳನ್ನೇ ಆರಿಸಿಕೊಂಡಿದ್ದಾರಲ್ಲ!

ಯಾವುದೋ ಹೊರದೇಶದ ಸಭೆಯಲ್ಲಿ ನಮ್ಮವರು ಆ ದೇಶದ ವಿರುದ್ಧ ಮಾತಾಡಿದರಂತೆ. ಅಂದಿನಿಂದ ಪೆಟ್ಟಿಗೆಗಳು ಬಂದಿಲ್ಲ. ಕೇಳಿದರೆ ಹಡಗಿಲ್ಲ ಎನ್ನುತ್ತಾರೆ, ಈಗ ಹಡಗು ಬರುವ ಕಾಲುವೆಯೇ ಮುಚ್ಚಿದೆ ಎನ್ನುತ್ತಾರೆ. ಇಲ್ಲ ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೀಗಿರುವಾಗ ಅದೇ ದೇಶದಿಂದ ಇನ್ನಷ್ಟು ವಿಮಾನ ಕೊಳ್ಳಬಹುದೇ, ಇನ್ನೊಂದು ದೇಶ ಅಗ್ಗಕ್ಕೆ ಕೊಡುವುದನ್ನು ತರಬಹುದೇ ಎಂದು ಮೇಲಿನವರು ನಿನ್ನ ಭಾವನ ಅಭಿಪ್ರಾಯ ಕೇಳಿದ್ದಾರೆ. ಹಳೆಯದು ನಿಮಗೆಲ್ಲ ಕೈಗೆ ಪಳಗಿದೆ. ಹೊಸದರ ಪುಸ್ತಕವೆಲ್ಲ ಅವರ ಭಾಷೆಯಲ್ಲಿ, ರಿಪೇರಿಗೆ ಅವರ ಜನವೇ ಬರಬೇಕು. ನಮ್ಮಲ್ಲೇ ಮಾಡೋಣವೆಂದರೆ ವರ್ಷಗಳು ಹಿಡಿಯುತ್ತವೆ. “ಯಾವ ತವರೂ ಪುಕ್ಕಟೆ ಪ್ರೀತಿ ಮಾಡಲ್ಲ ಕಣೇ. ಯಾರನ್ನ ತಂದ್ರೂ ಮೂರು ವರ್ಷದ ಬಾಗಿನ ಮೊದಲೇ ಮನೆ ತುಂಬಿಸ್ಕೋಬೇಕು, ಆಮೇಲೆ ಆರತಿ ಎತ್ಬೇಕು” ಎಂದು ನಿನ್ನ ಭಾವ ಹೇಳುತ್ತಾರೆ.

ಇದಿಷ್ಟೇ ಆಗಿದ್ದರೆ ದೇಶ ನೋಡಿಕೊಳ್ಳುತ್ತದೆ ಎಂದು ನಾನು ಒಗ್ಗರಣೆ ಹಾಕಲು ಹೋಗುತ್ತಿದ್ದೆ. ಆದರೆ ಬಾರದ ಪೆಟ್ಟಿಗೆಗಳಲ್ಲಿ ಏನಿದೆ ಎಂದು ಕೇಳಿದೆ. ನೀನು ಕೂರುವ ಕುರ್ಚಿಯ ಹಿಂದೆ ಮದ್ದು ತುಂಬಿದ ತೋಟಾ ಇರುತ್ತದಂತೆ. ವಿಮಾನ ಕೈಕೊಟ್ಟರೆ ಅದು ಸಿಡಿದು ಕುರ್ಚಿಯ ಸಮೇತ ನಿನ್ನನ್ನು ಹೊರಗೆ ಎಸೆಯುತ್ತದಂತೆ. ನೀನು ಇದನ್ನು ನನಗೆ ಒಂದು ದಿನವಾದರೂ ಹೇಳಿದ್ದೀಯಾ? ಆ ಮದ್ದಿಗೂ ಆಯುಸ್ಸು ಇದೆಯಂತೆ. ಹಳೆಯದಾದರೆ ಸಿಡಿಯಬಹುದು, ಸಿಡಿಯದೆಯೂ ಇರಬಹುದು. ನಿಮ್ಮ ವಿಮಾನಗಳಲ್ಲಿರುವುದರ ಆಯುಸ್ಸು ಗೌರಿಹಬ್ಬದ ಹೊತ್ತಿಗೇ ಮುಗಿದಿದೆ.

ನಿನ್ನ ಭಾವ ನೇರವಾಗಿ ಬರೆದಿದ್ದಾರೆ. ಹೊಸ ಮದ್ದು ಬರುವವರೆಗೆ ಇರುವ ವಿಮಾನಗಳು ನೆಲದ ಮೇಲಿರಲಿ, ಮಾತಿಗೆ ಮುನಿಯುವ ದೇಶದಿಂದ ಇನ್ನು ಕೊಳ್ಳುವುದು ಬೇಡ ಎಂದು. ಅವರ ಸಾಹೇಬರು ಅದನ್ನು ವಾಪಸು ಕಳಿಸಿದ್ದಾರೆ. ಗಡಿಯಲ್ಲಿ ಪರಿಸ್ಥಿತಿ ಬಿಗುವಾಗಿರುವಾಗ ವಿಮಾನ ನಿಲ್ಲಿಸಲಾಗದು, ಮದ್ದಿಗೆ ಇನ್ನೊಂದು ವರ್ಷ ಆಯುಸ್ಸಿದೆ ಎಂದು ಬರೆದುಕೊಡಿ ಎನ್ನುತ್ತಾರೆ. ನಾಳೆ ಬೆಳಗ್ಗೆ ಉತ್ತರ ಕೊಡಬೇಕು. ಇವರು ಬಗ್ಗುವುದಿಲ್ಲ, ನೀನು ಧೈರ್ಯವಾಗಿರು. ತರಕಾರಿಯವನ ಹತ್ತಿರ ಚೌಕಾಸಿ ಮಾಡಲು ಬಾರದ ಮನುಷ್ಯ, ಆದರೆ ಬರೆದದ್ದನ್ನು ತಿದ್ದಿದವರಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಿ ಚಳಿ ಶುರುವಾಗಿರುತ್ತದೆ, ನಾನು ಹೆಣೆದ ಸ್ವೆಟರ್ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ವತ್ಸಲಾಳಿಗೆ ಒಂದು ಕಾಗದ ಬರೆ, ಅವರ ಮನೆಯವರಿಗೆ ನಾನು ಹೇಳಿಕೊಳ್ಳುತ್ತೇನೆ. ನೀನು ನೂರು ವರ್ಷ ಬಾಳು.

ಇಂತಿ ನಿನ್ನ ಅಕ್ಕ,
ಅನಂತಲಕ್ಷ್ಮಿ

ತಾ. ಕ.: ಸೋಮವಾರ ಸಂಜೆ.

ಕಟ್ಟಿದ ಡಬ್ಬಿ ಬಿಚ್ಚಿ ಬರೆಯುತ್ತಿದ್ದೇನೆ. ಸೇತುರಾಮಯ್ಯನವರು ಬಾಗಿಲಲ್ಲಿ ಕಾಯುತ್ತಿದ್ದಾರೆ. ನಿನ್ನ ಭಾವ ಸಹಿ ಹಾಕಿ ಬಂದರು. ಸಾಹೇಬರು ಹೇಳಿದ ಹಾಗೆಯೇ ಬರೆದು ಸಹಿ ಹಾಕಿದರು.

ವತ್ಸಲಾಳ ಅಪ್ಪ ನನ್ನ ಬಾಗಿನದ ಕತೆಯನ್ನು ಕ್ಯಾಂಟೀನಿನಲ್ಲಿ ತಮಾಷೆಗೆ ಹೇಳಿದರಂತೆ. ಕೆಟ್ಟ ಮನಸ್ಸಿನಿಂದಲ್ಲ, ನನ್ನ ಪೆದ್ದುತನಕ್ಕೆ ಯಾರಾದರೂ ನಗುತ್ತಾರೆ. ಅದು ಸಾಹೇಬರ ಕಿವಿಗೂ ಬಿತ್ತು. “ಆ ವಿಮಾನ ಹತ್ತೋದು ನಿಮ್ಮ ಭಾವಮೈದನಂತೆ? ಹಾಗಾದ್ರೆ ನೀವು ಬರೆದದ್ದು ದೇಶದ ಕಾಗದ ಅಲ್ಲ ಪುರುಷೋತ್ತಮ್, ಮನೆ ಕಾಗದ” ಎಂದರಂತೆ. ಅಲ್ಲಿದ್ದವರೆಲ್ಲ ಇವರ ಮುಖ ನೋಡಿದರಂತೆ. ಸ್ವಂತದವನಿಗಾಗಿ ಬರೆದ ಎನ್ನುವ ಮಾತನ್ನು ನಿನ್ನ ಭಾವನಿಂದ ತಡೆದುಕೊಳ್ಳಲಾಗಲಿಲ್ಲ.

ಬಂದವರು ಕಾಲೂ ತೊಳೆಯದೆ ಜಗುಲಿಯಲ್ಲಿ ಕೂತಿದ್ದಾರೆ. “ಬೇರೆಯವರ ಮನೆ ಹುಡುಗ ಆಗಿದ್ರೆ ನಾನು ಸಹಿ ಹಾಕ್ತಿರ್ಲಿಲ್ಲ ಕಣೇ” ಎಂದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಆಡಬಾರದ ಕಡೆ ಆಡಿ ಬಂದವಳು ನಾನು.

ಪದ್ಮನಾಭ, ಹತ್ತಬೇಡ ಎಂದರೆ ನೀನು ಕೇಳುವವನಲ್ಲ. ಆ ಮದ್ದಿಗೆ ಇನ್ನೊಂದು ವರ್ಷ ಆಯುಸ್ಸು ಎಂದು ಕಾಗದ ಬಂದರೆ ನಂಬಬೇಡ, ಅದನ್ನು ಬರೆದವರೇ ನಂಬಿಲ್ಲ. ಒಂದನ್ನಾದರೂ ನೆಲದ ಮೇಲೆ ಸಿಡಿಸಿ ನೋಡಿ ಎಂದು ನಿನ್ನ ಮೇಲಿನವರಿಗೆ ಹೇಳು.

ಮುಂದಿನ ಗೌರಿಗೆ ಹಣ ಕಳಿಸಬೇಡ. ಮೊರ ಹಿಡಿದುಕೊಂಡು ನೀನೇ ಬಾ. ನನಗೆ ತವರು ಅಂತ ಇರುವುದು ನೀನೊಬ್ಬನೇ ಕಣೋ.